ಹೆಸರು ಸಿಗದ ಒಂದು ಬಿಡಿಭಾಗ

ಬನಹಟ್ಟಿಯ ನಮ್ಮ ಓಣಿಯ ರೇವಪ್ಪಕಾಕಾನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಮನುಷ್ಯರೊಡನೆ ನಾಲ್ಕು ಮಾತಾಡಲು ಬೇಸರ, ಹಿತ್ತಾಳೆ ತುಣುಕಿನೊಡನೆ ಮಾತ್ರ ದಿನಗಟ್ಟಲೆ ಕೂರುತ್ತಾನೆ. ನೇಕಾರರ ಮನೆಯಲ್ಲಿ ಹುಟ್ಟಿ ಮಗ್ಗ ಮುಟ್ಟದೆ, ಹದಿನೆಂಟಕ್ಕೇ ಮಿಲಿಟರಿ ಸೇರಿದವನು. ಅಲ್ಲಿನ ವರ್ಕ್‌ಶಾಪಿನಲ್ಲಿ ದುರ್ಬೀನು ರಿಪೇರಿ ಅವನ ಕೆಲಸವಾಗಿತ್ತು. ನಿವೃತ್ತಿಯಾಗಿ ಊರಿಗೆ ಬಂದು ಇಪ್ಪತ್ತು ವರ್ಷ. ಹೆಂಡತಿ ಅನಸವ್ವಕಾಕಿ ತೀರಿಕೊಂಡು ಮೂರು ವರ್ಷ. ಮಕ್ಕಳಿಲ್ಲ. ಮಧ್ಯಾಹ್ನ ನಾನು ರೊಟ್ಟಿ ಕೊಟ್ಟು ಬರುತ್ತೇನೆ. ಎಷ್ಟೋ ದಿನ ಅವನು ಬಾಯಿ ತೆರೆಯುವುದು ಅದೊಂದೇ ಹೊತ್ತು.

ಅವನ ಬಳಿ ಒಂದು ಕಟ್ಟಿಗೆಯ ಪೆಟ್ಟಿಗೆ. ಅದರ ತುಂಬ ಎರಡನೆಯ ಮಹಾಯುದ್ಧದ ಕಾಲದ ಜರ್ಮನ್ ದೂರಮಾಪಕಗಳ ಬಿಡಿಭಾಗಗಳು. ಗುರಿ ಎಷ್ಟು ದೂರವಿದೆ ಎಂದು ಹೇಳುವ ಉದ್ದನೆಯ ಕೊಳವೆಗಳವು. ವರ್ಕ್‌ಶಾಪಿನವರು ಗುಜರಿಗೆ ಹಾಕಿದ್ದನ್ನು ಕೇಳಿ ತಂದದ್ದಂತೆ. ತುದಿಯ ಪ್ರಿಸಮ್ ಯಾವುದು, ಕಣ್ಣಿಡುವ ಕಡೆಯ ಗಾಜು ಯಾವುದು, ಕಂಪನಿಯ ಹೆಸರಿನ ಬದಲು ಕೊರೆದ ಮೂರು ಸಣ್ಣ ಅಕ್ಷರ ಯಾವ ಕಾರ್ಖಾನೆಯದು, ಎಲ್ಲ ಬಾಯಿಪಾಠ. ಪೋಲೆಂಡಿನವರು ಯಾರೋ ಮೊಬೈಲಿಗೆ ಫೋಟೊ ಕಳಿಸಿ ಅವನನ್ನು ಕೇಳುತ್ತಾರೆ. ಪಕ್ಕದ ಮನೆಯವರು ಊಟ ಆಯಿತೇ ಎಂದೂ ಕೇಳುವುದಿಲ್ಲ.

ಪುಣೆಯ ಒಂದು ವಸ್ತುಸಂಗ್ರಹಾಲಯದವರು ಆ ಪೆಟ್ಟಿಗೆ ಬೇಡಿದ್ದರು. ಶನಿವಾರ ಗಾಡಿ ಬರುವುದಿತ್ತು. ಕಾಕಾ ಪ್ರತಿ ಭಾಗಕ್ಕೂ ಹೆಸರಿನ ಚೀಟಿ ಕಟ್ಟಿದ್ದ, ಒಂದಕ್ಕೆ ಮಾತ್ರ ಹೆಸರು ಸಿಗಲಿಲ್ಲ. ಗುರುವಾರ ಹೋದರೆ ಹಿಂದಿನ ದಿನದ ರೊಟ್ಟಿ ಹಾಗೇ ಬುಟ್ಟಿಯಲ್ಲಿತ್ತು.

"ಯಾಕ ಉಂಡಿಲ್ಲ ಕಾಕಾ? ನನ್ನ ಕೈ ಪುಕ್ಕಟ ಸಿಕ್ಕಾವೇನ್ ನಿನಗ?"

"ಇದೊಂದ ತಿಳಿವಲ್ದವಾ ಕಾಂಚನಾ. ಎಲ್ಲಾರ್ನೂ ಕೇಳಿದೆ, ಯಾವ ನಕ್ಷೆದಾಗೂ ಇಲ್ಲ. ನಲವತ್ತ ವರ್ಷ ಇದನ್ನ ಮಾಡಿ ಒಂದ ಹೆಸರ ಹೇಳಾಕ ಆಗಲಿಲ್ಲಂದ್ರ ಏನ್ ಮರ್ಯಾದಿ ಉಳೀತು? ಪೆಟಗಿ ಕೊಡಂಗಿಲ್ಲ ಅಂತ ಫೋನ್ ಮಾಡ್ತೇನಿ."

ಆ ಒಂದು ವಿದ್ಯೆ ಬಿಟ್ಟರೆ ತನ್ನದು ಎಂದು ಹೇಳಿಕೊಳ್ಳಲು ಅವನಿಗೆ ಏನೂ ಉಳಿದಿರಲಿಲ್ಲ. ಹೆಸರು ಸಿಗದ ಆ ಭಾಗವನ್ನು ನನ್ನ ಅಂಗೈಗೆ ಹಾಕಿದ. ಮಡಚುವ ಹಿತ್ತಾಳೆ ಚೌಕಟ್ಟು, ಮೇಲೊಂದು ಸಣ್ಣ ಗಾಜು, ಕೆಳಗೆ ಒಂದಿಂಚಿನ ಚೌಕ ಕಿಂಡಿ, ಅಂಚಿಗೆ ಗೆರೆಗಳು. ನನಗೆ ನಗು ತಡೆಯಲಾಗಲಿಲ್ಲ.

"ಅಯ್ಯ ಶಿವನ! ಇದು ಮಿಲಿಟರಿ ಸಾಮಾನ ಅಲ್ಲ ಕಾಕಾ. ಎಳಿ ಎಣಿಸೋ ಗಾಜು. ಅನಸವ್ವಕಾಕಿದು!"

ಕಾಕಿ ಸಾವುಕಾರರೊಬ್ಬರ ಅಂಗಡಿಯಲ್ಲಿ ಹನ್ನೆರಡು ವರ್ಷ ಸೀರೆ ತಪಾಸಣೆ ಮಾಡಿದವಳು. ಈ ಗಾಜಿಟ್ಟು ಇಂಚಿಗೆ ಎಷ್ಟು ಎಳೆ ಎಂದು ಎಣಿಸುವಳು. ಕಡಿಮೆ ಬಿದ್ದರೆ ಸೀರೆ ವಾಪಸು. ನಾವು ನೇಯುವವರೆಲ್ಲ ಅವಳಿಗೆ ಹೆದರುತ್ತಿದ್ದೆವು. ಅವಳು ಹೋದ ಮೇಲೆ ಕಪಾಟು ಖಾಲಿ ಮಾಡುವಾಗ ಅದು ಪೆಟ್ಟಿಗೆಗೆ ಬಿದ್ದಿರಬೇಕು.

ಕಾಕಾ ನಗಲಿಲ್ಲ. ರೊಟ್ಟಿ ಕಟ್ಟಿದ ಬಟ್ಟೆಯ ಮೇಲೆ ಗಾಜಿಟ್ಟು ತೋರಿಸಿದೆ. ಬಗ್ಗಿ ಎಣಿಸತೊಡಗಿದ. ಮೂವತ್ತರ ಹತ್ತಿರ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದ, ಮತ್ತೆ ತಪ್ಪಿತು.

"ಇದು ಓಣಿಗೆಲ್ಲಾ ಗೊತ್ತಿತ್ತೇನ?"

"ಎಲ್ಲಾರಿಗೂ ಗೊತ್ತು."

"ನಾ ದಿನಾ ಎದುರಿಗೆ ಕುಂತು ಉಂಡೇನಿ. ಏನ್ ಕೆಲಸ ಮಾಡ್ತಿ ಅಂತ ಒಂದ ಸಲನೂ ಕೇಳಲಿಲ್ಲ."

ಎಷ್ಟೋ ವರ್ಷದಿಂದ ಅವನಿಗೆ ಬೈಯಬೇಕೆಂದಿದ್ದ ಮಾತು ಅದೇ. ಅವನೇ ಆಡಿದ ಮೇಲೆ ನಾನು ಬಟ್ಟೆ ಬಿಚ್ಚಿ ರೊಟ್ಟಿ ಅವನ ಮುಂದಿಟ್ಟೆ.

ಶನಿವಾರ ಪೆಟ್ಟಿಗೆ ಹೋಯಿತು. ಬಂದವರು ಒಂದೊಂದು ಚೀಟಿ ಓದಿ ಹೊಗಳಿದ್ದೇ ಹೊಗಳಿದ್ದು. ಅವರು ಹೋದ ಮೇಲೆ ಕಾಕಾ ಆ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಭಾಳ ಗೀರ ಬಿದ್ದಾವವಾ ಇದಕ್ಕ. ಇದರಾಗ ದಿನಾ ನೋಡಿ ನೋಡಿ ಕಣ್ಣ ಸೋತಿರಬೇಕು. ಉಣ್ಣುವಾಗ ಕಣ್ಣ ಒರಸಕೋತಿದ್ಳು, ನಾ ಒಲಿ ಹೊಗಿ ಅಂತ ತಿಳಿದಿದ್ದೆ. ಒಂದ ಮಾತ ಹೇಳಿದ್ರ, ಬ್ಯಾರೆ ಗಾಜ ಕೂಡಿಸಿ ಕೊಡತಿದ್ದೆ. ಅರ್ಧಾ ತಾಸಿನ ಕೆಲಸ."