ಗಾಗಲ್ಸಿನ ಬಿಳಿ ಉಂಗುರಗಳು

ಗುಲ್ಮರ್ಗದ ಹಿಮದಲ್ಲಿ ಸ್ಕೀ ಆಡಿ ಬಂದ ನನ್ನ ಷಡ್ಡಕ ಗುರುಪಾದನ ಮುಖವೆಲ್ಲ ಬಿಸಿಲಿಗೆ ಸೀದು, ಗಾಗಲ್ಸು ಕೂತಿದ್ದ ಜಾಗದಲ್ಲಿ ಮಾತ್ರ ಎರಡು ಬಿಳಿ ಉಂಗುರಗಳು ಉಳಿದಿದ್ದವು. ಬಿಸಿಲಿನ ಕಲೆಯೊಂದಕ್ಕೆ ಅಸೂಯೆಪಡುವ ಮನುಷ್ಯ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು. ಬಸ್ಸಿನ ಟಾಪಿನ ಮೇಲೆ ತೊಗರಿ ಮೂಟೆ ಹೇರಿ ಹೇರಿ ನಾರಾಯಣಖೇಡದಲ್ಲಿ ಅಂಗಡಿ ಕಟ್ಟಿದ ನಾನು ಕಂಡ ಹಿಮವೆಂದರೆ ಕಬ್ಬಿನ ಹಾಲಿನ ಲೋಟದ ಮಂಜುಗಡ್ಡೆ. ತಾಂಡೂರಿನ ಶಾಲೆಯಲ್ಲಿ ಗಣಿತ ಹೇಳುವ ಇವನಿಗೆ ಇಂಥ ವೈಭವವೇ?

ಜಹೀರಾಬಾದಿನ ಅತ್ತೆಯ ಮನೆಯಲ್ಲಿ ಅದುವರೆಗೆ ಸಕಲ ವಿಷಯಗಳಲ್ಲೂ ನನ್ನ ಸಲಹೆಯೇ ಅಂತಿಮ. ಅಂದು ರೊಟ್ಟಿ ಬಡಿಯುವ ಕೈಗಳೂ ನಿಂತು ಅವನ ಕಥೆಗೆ ಕಿವಿಯಾದವು. ಯಾರೂ ತುಳಿಯದ ಸೊಂಟಮಟ್ಟದ ಹಿಮದಲ್ಲಿ, ದೇವದಾರುಗಳ ನಡುವೆ ಜಾರುತ್ತ ಹೋಗಿ ಮರವೊಂದರ ಬುಡಕ್ಕೆ ತಲೆಕೆಳಗಾಗಿ ಬಿದ್ದನಂತೆ. ತಗ್ಗಿದ ಕೊಂಬೆಗಳು ಹಿಮವನ್ನು ತಡೆಯುವುದರಿಂದ ಬುಡದ ಸುತ್ತ ಕಣ್ಣಿಗೆ ಕಾಣದ ಟೊಳ್ಳಿರುತ್ತದೆ. ಒದ್ದಾಡಿದಷ್ಟೂ ಸಡಿಲ ಹಿಮ ಸುರಿದು ಉಸಿರು ಕಟ್ಟುತ್ತದೆ. ಕೊಂಬೆ ಹಿಡಿದು ಎದ್ದುಬಂದ ಪ್ರಸಂಗವನ್ನು ಅವನು ನಗುನಗುತ್ತ ವರ್ಣಿಸಿದ.

ತೂಕ ಕಡಿಮೆಯಿರುವ ಮೂಟೆ ನನ್ನ ಕೈಗೆ ತಿಳಿಯುತ್ತದೆ. ಹೊಟ್ಟೆಕಿಚ್ಚಿಗೆ ಬುದ್ಧಿ ಇನ್ನಷ್ಟು ಚುರುಕು. ಮೆಲ್ಲಗೆ ಕೇಳಿದೆ:

"ನಿನ್ನ ಹಿಂದ ಯಾರಿದ್ರಪಾ?"

"ಯಾರೂ ಇದ್ದಿಲ್ರಿ ಅಣ್ಣಾರ. ಫೋಟೋದಾಗ ಹಿಮದ ಮ್ಯಾಲ ಇನ್ನೊಬ್ಬರ ಸ್ಕೀ ಗುರ್ತು ಕಾಣಬಾರದಂತ ಒಬ್ಬನೇ ಹೋಗಿದ್ದೆ."

ಅವನ ಹೆಂಡತಿಯಾದ ನನ್ನ ನಾದಿನಿಯ ಮುಖ ಬಿಳಿಚಿತು. ಧಾನ್ಯ ತುಂಬುವ ನೆಲದಡಿಯ ಹಗೇವುಗಳನ್ನು ಕಂಡು ಬೆಳೆದ ಅತ್ತೆ ಒಲೆಯ ಬಳಿಯಿಂದಲೇ ಹೇಳಿದರು: "ಹಗೇವಿನಾಗ ಇಳಿಯಾಂವಗ ಮ್ಯಾಲಿಂದ ಕರ್ಯಾಂವ ಒಬ್ಬ ಬೇಕೋ ಯಪ್ಪಾ. 'ಓ' ಅನ್ನೂದು ನಿಂತ್ರ ಹಗ್ಗ ಎಳೀಬೇಕು."

ಮುಂದಿನ ಚಳಿಗಾಲದ ಅವನ ಪ್ರವಾಸ ಅಲ್ಲಿಗೆ ಮುರಿಯಿತೆಂದು ನಾನು ಒಳಗೊಳಗೇ ಹಿಗ್ಗಿದೆ. ಆದರೆ ಚೌಕಾಶಿಯಲ್ಲಿ ನನ್ನನ್ನು ಮೀರಿಸಿದ ನಾದಿನಿ ನನ್ನತ್ತ ಕೈ ತೋರಿ ಗಂಡನಿಗೆ ಷರತ್ತು ಹಾಕಿದಳು: "ಈ ಮಾಮಾರು ಜೋಡಿ ಬಂದು ನಿಮ್ಮನ್ನ ಕರ್ಯಾಕ ನಿಂತ್ರ ಹೋಗ್ರಿ. ಇಲ್ಲಂದ್ರ ಬ್ಯಾಡ."

ಹೀಗೆ ನಾನೂ ಗುಲ್ಮರ್ಗ ಕಂಡೆ. ಸ್ಕೀ ಮೇಲೆ ನಿಂತಿದ್ದಕ್ಕಿಂತ ಕೂತಿದ್ದೇ ಹೆಚ್ಚಾದ್ದರಿಂದ ಮರಗಳಂಚಿನಲ್ಲಿ ನಿಂತು ಕೂಗುವ ಕೆಲಸ ನನಗೆ ಬಂತು. ಮುಂದೆ ತರಬೇತುದಾರ, ಹಿಂದೆ ಗುರುಪಾದ. ಕೂಗಿದೆ, "ಓ" ಬಂತು. ಮತ್ತೆ ಕೂಗಿದೆ, ಬಂತು. ಮೂರನೆಯ ಕೂಗಿಗೆ ಮರಗಳು ಸುಮ್ಮನಿದ್ದವು. ಅಷ್ಟರಲ್ಲಿ ಹೊರಬಂದಿದ್ದ ತರಬೇತುದಾರನಿಗೆ ಕೊನೆಯ "ಓ" ಬಂದ ದಿಕ್ಕು ತೋರಿಸಿದೆ. ಅವನು ಹೋಗಿ, ಕೊಂಬೆಗಳಡಿ ಮೇಲಕ್ಕೆದ್ದಿದ್ದ ಎರಡು ಸ್ಕೀಗಳನ್ನು ಕಂಡು, ಹಿಮ ಬಗೆದು ಎಳೆದ. ನಾನು ಗುರುಪಾದನ ಹೆಸರನ್ನು ಕೂಗುತ್ತಲೇ ಇದ್ದೆ. ಹೊಟ್ಟೆಯಲ್ಲಿ ಕಿಚ್ಚಿರಲಿ, ಬಿಸಿಯೂ ಇರಲಿಲ್ಲ. ಕಡೆಗೆ ಹಿಮ ಉಗುಳುವ ಬಾಯಿಂದ ಕ್ಷೀಣವಾಗಿ ಬಂತು: "ಓ... ಅಣ್ಣಾರ."

ಆದ್ದರಿಂದ, ನೀವು ಕೇಳದಿದ್ದರೂ ಹೇಳುತ್ತೇನೆ: ಅಂಥ ಕಾಡಿಗೆ ಒಂಟಿಯಾಗಿ ಹೋಗಬೇಡಿ, ಜೊತೆಗಾರನನ್ನು ಕಣ್ಣು ಕಿವಿಗಳಳತೆಯಲ್ಲೇ ಇಟ್ಟುಕೊಳ್ಳಿ, ಕೊರಳಲ್ಲಿ ಸೀಟಿ ಇರಲಿ, ತಗ್ಗುಕೊಂಬೆಯ ಮರಗಳನ್ನು ದೂರದಿಂದ ಬಳಸಿ ಹೋಗಿ, ಬಿದ್ದರೆ ಒದ್ದಾಡದೆ ಮೊದಲು ಬಾಯಿಯ ಮುಂದೆ ಉಸಿರಿಗೆ ಜಾಗ ಮಾಡಿಕೊಳ್ಳಿ.

ಊರಿಗೆ ಮರಳಿ ಕನ್ನಡಿ ನೋಡಿಕೊಂಡೆ. ಗುರುಪಾದನ ಮುಖದಲ್ಲಿ ಈ ಸಲವೂ ಬಿಳಿ ಉಂಗುರಗಳು. ಮರಗಳ ನಡುವೆ ಅವನು ಸರಿಯಾಗಿ ಕಾಣಲೆಂದು ದಿನವೆಲ್ಲ ಗಾಗಲ್ಸು ತೆಗೆದೇ ನಿಂತಿದ್ದ ನನ್ನ ಮುಖ, ರೆಪ್ಪೆಯವರೆಗೂ ಒಂದೇ ಸಮ ಕಪ್ಪು.