ಇಳಿಜಾರಿಗೆ ಬೆನ್ನು ಕೊಟ್ಟವನು

ಅಮ್ಮಾನ್‌ನ ಕಡಿದಾದ ಬೀದಿಯೊಂದರ ನೆತ್ತಿಯಲ್ಲಿ ಬ್ರೇಕ್ ರಿಪೇರಿ ಮಾಡುವ ಅಬು ಗಸ್ಸಾನನಿಗೆ ಹೊಳಪೆಂದರೆ ಆಗದು. ಸವೆದು ಕನ್ನಡಿಯಾದ ಬ್ರೇಕ್ ಪ್ಯಾಡನ್ನು ಬಿಚ್ಚಿ, "ನೋಡ್ದ್ಯಾ ಹಬೀಬಿ, ಮದುಮಗನ ಬೂಟ್ ಥರ ಮಿಂಚ್ತಿದೆ, ಇದೆಲ್ಲಿ ಚಕ್ರ ಹಿಡಿಯುತ್ತೆ?" ಎಂದು ಡ್ರೈವರನನ್ನು ಗದರಿಸಿ, ಅದು ಹಸುವಿನ ನಾಲಿಗೆಯಂತೆ ತರಿತರಿಯಾಗುವವರೆಗೆ ಹಾಡುತ್ತ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಾನೆ. ಆಮೇಲೆ ಚಹಾದ ಲೋಟ ಹಿಡಿದು ಇಳಿಜಾರಿನ ಬುಡಕ್ಕೆ ಹೋಗಿ, ಕಾರಿಗೆ ಬೆನ್ನು ತಿರುಗಿಸಿ ನಿಂತು, "ಬಿಡಪ್ಪಾ ಜೋರಾಗಿ!" ಎಂದು ಕೂಗುತ್ತಾನೆ. ಕಾರು ಧಾವಿಸಿ ಬಂದು ಗೇಣು ದೂರದಲ್ಲಿ ನಿಂತರೂ ಅವನ ಚಹಾ ತುಳುಕುವುದಿಲ್ಲ, ಬೀದಿಯೆಲ್ಲ ಚಪ್ಪಾಳೆ. ಆದರೆ ಹೆಂಡತಿ ಉಮ್ ಗಸ್ಸಾನ್, "ಇವತ್ತು ನಾನೂ ನಿಂತ್ಕೋತೀನ್ರೀ" ಎಂದು ನಗುತ್ತ ಪಕ್ಕದಲ್ಲಿ ಬೆನ್ನು ತಿರುಗಿಸಿದಳೋ, "ತಡಿಯೋ, ಬಿಡಬೇಡ! ಇನ್ನೊಂದ್ ಸಲ ಉಜ್ಜಿಬಿಡ್ತೀನಿ!" ಎಂದು ಅರಚುತ್ತ, ಚಹಾವನ್ನೆಲ್ಲ ಮೈಮೇಲೆ ಚೆಲ್ಲಿಕೊಂಡು ಏರು ಹತ್ತುತ್ತಾನೆ.