ಮೊಬೈಲಿಗೆ ಹತ್ತು ದಿನ ಗಡಿಪಾರು

ನಾನು ಓದಿದ್ದು ಅಂಬಿಕಾನಗರದ ಕಾಲನಿ ಶಾಲೆಯಲ್ಲಿ. ಅಲ್ಲಿ ಒಂದೊಂದು ತರಗತಿಗೆ ಒಂದೊಂದು ಕೋಣೆ, ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಮಾಸ್ತರು. ಶಾಲೆ ಅಂದರೆ ಹಾಗೇ ಇರುತ್ತದೆ ಅಂತ ತಿಳಿದುಕೊಂಡೇ ನಾನೂ ಟೀಚರ್ ಆದೆ. ಮೊದಲು ಜೊಯಿಡಾ ಕಡೆ ಎಂಟು ವರ್ಷ ಇದ್ದೆ. ಆಮೇಲೆ ಮುಂಡಗೋಡ ತಾಲ್ಲೂಕಿನ ಒಂದು ಸಣ್ಣ ಊರಿಗೆ ವರ್ಗವಾಯಿತು. ಜೊತೆಗಿದ್ದ ಮಾಸ್ತರು ಮರು ವರ್ಷವೇ ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದದ್ದು ಒಂದು ಹಂಚಿನ ಕೋಣೆ, ಐದು ತರಗತಿ, ಇಪ್ಪತ್ಮೂರು ಮಕ್ಕಳು, ನಾನು.

ಒಂದನೇ ತರಗತಿಗೆ ಅಕ್ಷರ ತಿದ್ದಿಸುವಾಗ ಐದನೆಯವರು ಕಿಟಕಿ ಹತ್ತುತ್ತಿದ್ದರು. ಐದನೆಯವರಿಗೆ ಭಾಗಾಕಾರ ಹೇಳುವಾಗ ಒಂದನೆಯವರು ಅಳುತ್ತಿದ್ದರು. ಮಕ್ಕಳಲ್ಲಿ ಅರ್ಧದಷ್ಟು ಊರಿನ ಒಕ್ಕಲು ಮನೆಯವರು, ಕನ್ನಡದವರು. ಉಳಿದವರು ಕಾಡಿನ ಅಂಚಿನಲ್ಲಿ ಎಮ್ಮೆ ಸಾಕುವವರ ಗೌಳಿವಾಡದಿಂದ ನಡೆದು ಬರುವವರು. ಅವರ ಮನೆಮಾತು ಮರಾಠಿ. ಪುಸ್ತಕದಲ್ಲಿ ಏನೇ ಬಂದರೂ ಊರಿನ ಮಕ್ಕಳು ಪಟ್ಟನೆ ಉತ್ತರ ಹೇಳುತ್ತಿದ್ದರು, ವಾಡದ ಮಕ್ಕಳು ನೆಲ ನೋಡುತ್ತಿದ್ದರು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿಯಂತೂ ಜೂನ್ ತಿಂಗಳಿಂದ ದೀಪಾವಳಿವರೆಗೆ ನನ್ನ ಜೊತೆ ಮಾತೇ ಆಡಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೇ.

ದೀಪಾವಳಿ ರಜೆಯಲ್ಲಿ ತವರಿಗೆ ಹೋದಾಗ ನನ್ನ ಹಳೇ ಟ್ರಂಕಿನಲ್ಲಿ ಒಂದು ಚಿತ್ರದ ಪುಸ್ತಕ ಸಿಕ್ಕಿತು. ಪುರಾತನ ಗ್ರೀಸ್ ದೇಶದ್ದು. ಬಿಳಿ ಕಂಬಗಳ ಗುಡಿ, ಕರಿ ಬಣ್ಣದ ಓಟಗಾರರು ಇರುವ ಕೆಂಪು ಮಡಕೆ, ಗುಡ್ಡಕ್ಕೆ ಕೊರೆದ ಕಲ್ಲಿನ ಮೆಟ್ಟಿಲು. ಮಕ್ಕಳಿಗೆ ತೋರಿಸೋಣ ಅಂತ ತಂದೆ. ಇಪ್ಪತ್ಮೂರೂ ತಲೆಗಳು ಆ ಪುಸ್ತಕದ ಮೇಲೆ ಬಾಗಿದವು. ಗುಡಿಯ ಚಿತ್ರ ನೋಡಿ ಒಬ್ಬಳು ಕೇಳಿದಳು, "ಟೀಚರ್ರಿ, ಈ ಗುಡಿಗೆ ಗ್ವಾಡಿ ಯಾಕಿಲ್ಲ? ದೇವರಿಗೆ ಚಳಿ ಆಗೂದಿಲ್ಲೇನ್ರಿ?"

ನನಗೆ ಆಗ ಹೊಳೆಯಿತು. ಗ್ರೀಸ್ ಬಗ್ಗೆ ಈ ಕೋಣೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಊರಿನವರಿಗೂ ಇಲ್ಲ, ವಾಡದವರಿಗೂ ಇಲ್ಲ, ನಿಜ ಹೇಳಬೇಕೆಂದರೆ ನನಗೂ ಅಷ್ಟಕ್ಕಷ್ಟೇ. ಎಲ್ಲರೂ ಒಂದೇ ಗೆರೆಯ ಮೇಲೆ ನಿಂತು ಓಡಬಹುದು.

ಮರುದಿನದಿಂದ ಐದೂ ತರಗತಿಗೆ ಒಂದೇ ಪಾಠ. ಗುಡಿಯ ಕಂಬ ಎಣಿಸಿ ಚಿಕ್ಕವರು ಸಂಖ್ಯೆ ಕಲಿತರು, ದೊಡ್ಡವರು ಅದೇ ಕಂಬದಿಂದ ಗುಣಾಕಾರ ಮಾಡಿದರು. ಕೆರೆಯ ಜೇಡಿ ಮಣ್ಣಿನಿಂದ ಮಡಕೆ ಮಾಡಿ, ಯಾವುದು ಬಿರುಕು ಬಿಟ್ಟಿತು, ಯಾಕೆ ಬಿಟ್ಟಿತು ಅಂತ ಬರೆದರು. ಗ್ರೀಸಿನಲ್ಲಿ ಗುಡ್ಡಗಳು ಅಡ್ಡ ಬಂದಿದ್ದರಿಂದ ಒಂದೊಂದು ಊರೂ ತನ್ನದೇ ಪುಟ್ಟ ರಾಜ್ಯವಾಯಿತು ಎಂದಾಗ ಒಬ್ಬ ಹುಡುಗ, "ನಮ್ಮ ಅತ್ತಿ ಊರು ಜೊಯಿಡಾದಾಗ ಹಂಗs ಐತ್ರಿ. ಬಸ್ ತಪ್ಪಿದ್ರ ಅದೂ ಬ್ಯಾರೆ ದೇಶನs" ಅಂದ. ಭೂಗೋಳವನ್ನು ನಾನು ಅದಕ್ಕಿಂತ ಚೆನ್ನಾಗಿ ಹೇಳಿಕೊಡಲಾರೆ.

ಒಂದು ದಿನ ಅವರಿಗೆ ಅಥೆನ್ಸ್ ಊರಿನ ಸಭೆಯ ಕಥೆ ಹೇಳಿದೆ. ಊರಿಗೆ ಭಾರವಾಗಿರುವ ಮನುಷ್ಯ ಯಾರು ಅಂತ ಜನ ಮಡಕೆಯ ಚೂರಿನ ಮೇಲೆ ಹೆಸರು ಗೀರಿ ಹಾಕುತ್ತಿದ್ದರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಅವನ ಮನೆ, ಹೊಲ ಯಾರೂ ಮುಟ್ಟುವಂತಿಲ್ಲ. ಹತ್ತು ವರ್ಷ ಕಳೆದ ಮೇಲೆ ಮರ್ಯಾದೆಯಿಂದ ತಿರುಗಿ ಬರಬಹುದು.

"ಅಂದ್ರ ಬೋಕಿಬಿಲ್ಲಿ ಮ್ಯಾಲೆ ಓಟು!" ಅಂದ ಐದನೆಯ ತರಗತಿಯವ.

"ಹೆಣ್ಮಕ್ಕಳೂ ಹಾಕ್ತಿದ್ರೇನ್ರಿ?"

"ಇಲ್ಲ. ಗಂಡಸರಿಗಷ್ಟೇ ಇತ್ತು. ದುಡಿಯೋ ಗುಲಾಮರಿಗೂ ಇರಲಿಲ್ಲ."

ಹುಡುಗಿಯರು ಮುಖ ಮುಖ ನೋಡಿಕೊಂಡರು. "ಹಂಗಾದ್ರ ಅವರ್ದು ತಪ್ಪೈತ್ರಿ. ನಾವು ಸರಿ ಮಾಡಿ ಆಡೂಣು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಿಸಿಯೂಟದ ಅಕ್ಕ, "ನಾನೂ ಹಾಕ್ತೇನ್ರಿ ಟೀಚರ್. ದಿನಾ ಇವರಿಗೆ ಅನ್ನಾ ಮಾಡಿ ಹಾಕಾಕಿ ನಾನು" ಅಂದಳು. ಆಯಿತು ಅಂದೆ.

ಚೂರುಗಳಿಗೆ ಬರಗಾಲವಿರಲಿಲ್ಲ. ಮಂಗಗಳು ಶಾಲೆಯ ಮಾಡಿನ ಹಂಚನ್ನು ವಾರಕ್ಕೆರಡು ಸಲವಾದರೂ ಒಡೆಯುತ್ತಿದ್ದವು. ನಿಯಮವನ್ನು ಮಕ್ಕಳೇ ಮಾಡಿದರು. ಮನುಷ್ಯರ ಹೆಸರು ಬರೆಯುವಂತಿಲ್ಲ. ಶಾಲೆಯಿಂದ ಯಾವ ಒಂದು ಸಂಗತಿ ಹೊರಗೆ ಹೋಗಬೇಕೋ ಅದನ್ನು ಬರೆಯಬೇಕು. ಬರೆಯಲು ಬಾರದವರು ಚಿತ್ರ ತೆಗೆಯಬಹುದು. ಹತ್ತು ವರ್ಷದ ಬದಲು ಶಾಲೆಯ ಹತ್ತು ದಿನ.

ಶನಿವಾರ ಬೆಳಿಗ್ಗೆ ಶಾಲೆಯ ಅಂಗಳದ ಮತ್ತಿ ಮರದ ಕೆಳಗೆ ಇಪ್ಪತ್ತೈದು ಚೂರು ಬಿದ್ದವು. ನಾನು "ಮಂಗ" ಅಂತ ಬರೆದಿದ್ದೆ. ಎಣಿಸುವ ಕೆಲಸ ಐದನೆಯ ತರಗತಿಯದು. ಮಂಗಕ್ಕೆ ಆರು. ಮಗ್ಗಿಗೆ ಮೂರು. ಬದನೆಕಾಯಿಗೆ ಒಂದು, ಅಕ್ಕ ಸಿಟ್ಟಿನಿಂದ ಎಲ್ಲರ ಮುಖ ನೋಡಿದಳು. ಒಂದನೆಯ ತರಗತಿಯವಳೊಬ್ಬಳು ಉದ್ದನೆಯ ಚೌಕ ಬರೆದು ಒಳಗೆ ಒಂದು ಸೊನ್ನೆ ಹಾಕಿದ್ದಳು. ಬಾಗಿಲು ಅಂದರು ಕೆಲವರು, ಪಾಟಿ ಅಂದರು ಕೆಲವರು. ಅವಳನ್ನೇ ಕೇಳಿದರೆ, "ಟೀಚರ್ ಮೊಬೈಲು. ಇದು ಅದರ ಕಣ್ಣು" ಅಂದಳು.

ಉಳಿದ ಚೂರುಗಳಲ್ಲೂ ಅದೇ ಇತ್ತು. ಮೊಬೈಲ, ಮೋಬಾಯಿಲ್, ಮುಬೈಲು, ಬರೆಯುವ ರೀತಿ ಮಾತ್ರ ಬೇರೆ ಬೇರೆ. ಎಲ್ಲ ಸೇರಿ ಹದಿನೈದು.

ನನ್ನ ಮುಖ ಬಿಸಿಯಾಯಿತು. "ಯಾಕ?" ಅಂದೆ. ದನಿ ಸ್ವಲ್ಪ ಗಟ್ಟಿಯೇ ಬಂದಿತ್ತು. ಆಗ ಹಿಂದಿನ ಸಾಲಿನಿಂದ ಆ ನಾಲ್ಕನೆಯ ತರಗತಿಯ ಹುಡುಗಿ ಎದ್ದು ನಿಂತಳು. ಎರಡೂ ಕೈಯಿಂದ ಲಂಗ ಹಿಡಿದುಕೊಂಡು ಮರಾಠಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದಳು.

"ಮೊಬೈಲ್ ಬೋಲತೋ, ಟೀಚರ್ ಐಕತೇ. ಮೊಬೈಲ್ ಮಾತಾಡಿದ್ರ ಟೀಚರ್ ಕೇಳ್ತಾರ. ನಾವ್ ಮಾತಾಡಿದ್ರ, ತಡಿ ಅಂತಾರ."

ಅಷ್ಟು ತಿಂಗಳಲ್ಲಿ ಅವಳು ಆಡಿದ ಮೊದಲ ಮಾತು. ನಾನು ಸಮರ್ಥನೆ ಹುಡುಕಿದೆ. ಮೊಬೈಲಿನಲ್ಲಿ ನಾನು ಹಾಡು ಕೇಳುತ್ತಿರಲಿಲ್ಲ. ಹಾಜರಿ ಹಾಕುವುದು, ಮೊಟ್ಟೆ ತಿನ್ನುವ ಮಕ್ಕಳ ಫೋಟೊ, ಊಟದ ಸಂಖ್ಯೆ, ಮೇಲಿನವರು ಕೇಳಿದ ಮಾಹಿತಿ, ಎಲ್ಲ ಶಾಲೆಯದೇ ಕೆಲಸ. ಆದರೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. "ತಡಿ" ಅನ್ನುವ ಮಾತನ್ನು ನಾನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ! ನಾನೇ ಮಾಡಿಸಿದ ಓಟು, ಒಪ್ಪದೆ ದಾರಿಯಿರಲಿಲ್ಲ.

ಗಡಿಪಾರು ಅಂದಮೇಲೆ ಶಾಲೆಯ ಬೇಲಿ ದಾಟಬೇಕು. ಬೇಲಿಯಾಚೆಯ ಮೊದಲ ಮನೆ ಬಿಸಿಯೂಟದ ಅಕ್ಕನದು. ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ, ಇಪ್ಪತ್ಮೂರು ಮಕ್ಕಳೂ ಸಾಲಾಗಿ ಹೋಗಿ ಅಕ್ಕನ ಅತ್ತೆಯ ಕೈಗೆ ಒಪ್ಪಿಸಿದರು. ಮುದುಕಿ ಅದನ್ನು ತನ್ನ ಎಲೆಅಡಿಕೆ ಚೀಲದ ಪಕ್ಕ ಇಟ್ಟುಕೊಂಡಳು. ಹಾಜರಿಯನ್ನು ಬೆಳಿಗ್ಗೆ ಅಲ್ಲೇ ನಿಂತು ಹಾಕಿ ಬರುವುದು, ಉಳಿದದ್ದು ಶಾಲೆ ಬಿಟ್ಟ ಮೇಲೆ. ಮಧ್ಯಾಹ್ನದ ಊಟದ ಸಂಖ್ಯೆಯನ್ನೂ ಸಂಜೆಯೇ ಕಳಿಸಿದರಾಯಿತು ಅಂದುಕೊಂಡೆ.

ಮೊದಲ ದಿನ ಕೈ ತಾನಾಗಿ ಮೇಜು ತಡಕುತ್ತಿತ್ತು. ಮೂರನೆಯ ದಿನ ನೆರಳಿನ ಪಾಠ ಮಾಡಿದೆವು. ಬಹಳ ಹಿಂದೆ ಒಬ್ಬ ಗ್ರೀಕ್ ಪಂಡಿತ ತನ್ನ ನೆರಳು ತನ್ನಷ್ಟೇ ಉದ್ದವಾಗುವ ಹೊತ್ತಿಗೆ ಕಾದು, ದೊಡ್ಡ ಗೋಪುರದ ನೆರಳು ಅಳೆದು ಅದರ ಎತ್ತರ ಹೇಳಿದನಂತೆ. ನಾವೂ ಕಾದೆವು. ಮಕ್ಕಳು ಬಿಸಿಲಲ್ಲಿ ನಿಂತು ತಮ್ಮ ತಮ್ಮ ನೆರಳು ಅಳೆಯುತ್ತ, "ಈಗ ಆತು! ಇಲ್ಲ, ಇನ್ನೊಂದ್ ಗೇಣು!" ಅಂತ ಕೂಗುತ್ತಿದ್ದರು. ಸರಿಯಾದ ಹೊತ್ತಿಗೆ ಮತ್ತಿ ಮರದ ನೆರಳಿನ ಮೇಲೆ ಹಗ್ಗ ಹಿಡಿದು ಓಡಿದರು. ಆ ಹುಡುಗಿ ನನ್ನ ಪಕ್ಕ ಬಂದು, ತಮ್ಮ ಅಜ್ಜ ನೆರಳು ನೋಡಿಯೇ ಎಮ್ಮೆಗಳನ್ನು ಕಾಡಿನಿಂದ ಹೊರಳಿಸುತ್ತಾನೆ ಅಂದಳು. ಎಮ್ಮೆಗಳ ಹೆಸರನ್ನೂ ಹೇಳಿದಳು, ಹನ್ನೊಂದು. ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ನಾಲ್ಕನೆಯ ದಿನ ಊಟವಾಗುತ್ತಿದ್ದಂತೆ ಒಂದು ಮೋಟರ್‌ಸೈಕಲ್ ಬಂದು ನಿಂತಿತು. ನಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಸರ್. ಹೆಲ್ಮೆಟ್ಟನ್ನೂ ತೆಗೆಯದೆ ಓಡಿ ಬಂದರು.

"ಟೀಚರ್, ಏನಾತ್ರಿ? ನಿಮ್ಮ ಮನಿಯವರು ಅರಾಮ ಅದಾರಿಲ್ರಿ?"

"ಅರಾಮ ಅದಾರ್ರಿ ಸರ್. ಯಾಕ?"

"ಮೂರು ದಿನದಿಂದ ನಿಮ್ಮ ಶಾಲಿ ಊಟದ ಸಂಖ್ಯೆ ಮಧ್ಯಾಹ್ನ ಬರವಲ್ದು. ಇವತ್ತು ಫೋನ್ ಮಾಡಿದ್ರ ಯಾರೋ ಅಜ್ಜಿ ಎತ್ತಿ, 'ಗಡಿಪಾರ ಆಗೈತೋ ತಮ್ಮಾ, ಇನ್ನ ಆರು ದಿನ ಐತಿ' ಅಂದ್ಳ್ರಿ. ಪೊಲೀಸರು ನಿಮ್ಮ ಮನಿಯವರನ್ನs ಗಡಿಪಾರು ಮಾಡ್ಯಾರ ಅಂತ ನಾ ಹೆದರಿ ಬಂದೆ!"

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಕೋಣೆಗೆ ಓಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಗಂಭೀರರಾದರು. "ಮಧ್ಯಾಹ್ನದ ಸಂಖ್ಯೆ ಮಧ್ಯಾಹ್ನನs ಹೋಗಬೇಕ್ರಿ. ನನ್ನನ್ನ ಮ್ಯಾಲಿನವರು ಕೇಳ್ತಾರ."

"ಹಂಗಾದ್ರ ಸಭಾದಾಗ ಹೇಳ್ರಿ ಸರ್" ಅಂದ ಐದನೆಯ ತರಗತಿಯವ. ಗ್ರೀಕರು ಭಾಷಣಕ್ಕೆ ನೀರಿನ ಗಡಿಯಾರ ಇಟ್ಟಂತೆ ಮಕ್ಕಳೂ ಒಂದು ಪ್ಲಾಸ್ಟಿಕ್ ಬಾಟಲಿಗೆ ತೂತು ಮಾಡಿ ಇಟ್ಟುಕೊಂಡಿದ್ದರು. ನೀರು ಖಾಲಿಯಾಗುವವರೆಗೆ ಮಾತು. ಸರ್ ಮರದ ಕೆಳಗೆ ನಿಂತು ಗಂಟಲು ಸರಿಮಾಡಿಕೊಂಡು, ಶಿಕ್ಷಣ ಅಂದರೇನು ಅನ್ನುವಲ್ಲಿಂದ ಶುರು ಮಾಡಿದರು. ಊಟದ ಸಂಖ್ಯೆಗೆ ಬರುವಷ್ಟರಲ್ಲಿ ಬಾಟಲಿ ಖಾಲಿ. ಮಕ್ಕಳು ಚಪ್ಪಾಳೆ ತಟ್ಟಿ ಕೂರಿಸಿದರು.

"ಮೇನ್ ಪಾಯಿಂಟ್ ಉಳೀತಲ್ರೋ!" ಅಂದರು ಪಾಪ.

ಉತ್ತರ ಕೊಡಲು ಎದ್ದವಳು ಮತ್ತೆ ಅದೇ ಹುಡುಗಿ. ಈ ಸಲ ಲಂಗ ಹಿಡಿದುಕೊಳ್ಳಲಿಲ್ಲ. "ಮೊಬೈಲ್ ಒಳಗ ಬರೂದು ಬ್ಯಾಡ. ಊಟ ಆದಮ್ಯಾಗ ನಾವs ತಾಟು ಎಣಿಸಿ ಚೀಟಿ ಬರ್ದು ಕೊಡ್ತೇವಿ. ಟೀಚರ್ ಬೇಲಿ ಹತ್ರ ಹೋಗಿ ಕಳಿಸಿ ಬರ್ಲಿ. ಐದ್ ನಿಮಿಷ. ಆಮ್ಯಾಲೆ ತಡಿ ಅನ್ನೂದು ಬ್ಯಾಡ."

ಕೈ ಎತ್ತಿಸಿದರು. ಎಲ್ಲ ಕೈಗಳೂ ಮೇಲೆ ಹೋದವು. ಕೊನೆಗೆ ಸರ್ ಕೂಡ ಅತ್ತಿತ್ತ ನೋಡಿ ಕೈ ಎತ್ತಿದರು. ಹೋಗುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತ ನನಗೆ, "ಆ ಹುಡುಗಿ ಭಾಳ ಚುರುಕ್ರಿ. ಮೊದ್ಲಿಂದಾನೂ ಹಿಂಗs?" ಅಂತ ಕೇಳಿದರು. "ನನಗೂ ಈಗ ಗೊತ್ತಾತ್ರಿ" ಅಂದೆ.

ಹನ್ನೊಂದನೆಯ ದಿನ ಮೊಬೈಲನ್ನು ಮರ್ಯಾದೆಯಿಂದ ಕರೆತರಲು ಮಕ್ಕಳು ತಯಾರಾಗಿದ್ದರು. ನಾನೇ ಬೇಡ ಅಂದೆ. ಮುದುಕಿಗೂ ಅಷ್ಟರಲ್ಲಿ ಅದರ ಮೇಲೆ ಮಮತೆ ಬಂದಿತ್ತು. ಇವತ್ತಿಗೂ ಶಾಲೆಯ ಹೊತ್ತಿನಲ್ಲಿ ಅದು ಅವಳ ಹತ್ತಿರವೇ ಇರುತ್ತದೆ. ಹಳಿಯಾಳದಿಂದ ನನ್ನ ಸ್ವಂತ ಅಕ್ಕ ಫೋನ್ ಮಾಡಿದರೆ ಮುದುಕಿಯ ಜೊತೆ ಮಳೆ, ಬೆಳೆ, ಮೊಣಕಾಲು ನೋವು ಎಲ್ಲ ಮಾತಾಡಿಯೇ ಇಡುತ್ತಾಳೆ.

ಜನವರಿಯಲ್ಲಿ ಗ್ರೀಕರ ಹಾಗೆ ನಾವೂ ಓಟದ ಪಂದ್ಯ ಮಾಡೋಣವೆಂದು ಮಕ್ಕಳನ್ನು ಅತ್ತಿವೇರಿಗೆ ಕರೆದುಕೊಂಡು ಹೋದೆವು. ಅಪ್ಪ ಅವ್ವಂದಿರೂ ಎರಡು ಟ್ರ್ಯಾಕ್ಟರಿನಲ್ಲಿ ಬಂದರು. ಅಲ್ಲಿಯ ಪಕ್ಷಿಧಾಮದ ಜಲಾಶಯದಲ್ಲಿ ಬಿಳಿ ಹಕ್ಕಿಗಳು ತುಂಬಿದ್ದವು. ಅವು ಬೆದರಬಾರದೆಂದು ದೂರದ ಬಯಲಿನಲ್ಲಿ ಸುಣ್ಣದ ಗೆರೆ ಎಳೆದೆವು. ಗೆದ್ದವರಿಗೆ ತೊಡಿಸುವ ಗ್ರೀಸಿನ ಆಲಿವ್ ಎಲೆ ನಮ್ಮಲ್ಲೆಲ್ಲಿ ಸಿಗಬೇಕು, ನೇರಳೆ ಎಲೆಯಿಂದಲೇ ಕಿರೀಟ ಹೆಣೆದಿದ್ದರು. ಓಟ ಶುರು ಮಾಡಿಸಲು ಸಿ.ಆರ್.ಪಿ. ಸರ್ ಸೀಟಿ ಹಿಡಿದು ನಿಂತಿದ್ದರು. ಮಕ್ಕಳ ಓಟ ಮುಗಿದ ಮೇಲೆ ಅವ್ವಂದಿರದು ಒಂದು ಆಗಲಿ ಅಂದರು. ಊರಿನ ಹೆಂಗಸರು, ವಾಡದ ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ದಬ್ಬುತ್ತ ಗೆರೆಗೆ ಬಂದರು. ಸೀಟಿ ಊದಿದ್ದೇ ತಡ, ಬಿಸಿಯೂಟದ ಅಕ್ಕ ಸೀರೆ ಎತ್ತಿ ಕಟ್ಟಿ ಎಲ್ಲರನ್ನೂ ಹಿಂದೆ ಹಾಕಿ ಓಡಿದಳು. ಮುಗಿಯುವ ಗೆರೆ ದಾಟಿದ್ದೂ ತಿಳಿಯದೆ ಓಡುತ್ತಲೇ ಇದ್ದಳು. ಮಕ್ಕಳೆಲ್ಲ "ಅಕ್ಕಾ, ನಿಲ್ರಿ! ಗೆದ್ರಿ!" ಅಂತ ಕೂಗುತ್ತ ಅವಳ ಹಿಂದೆ ಓಡಿದರು, ಅವರ ಹಿಂದೆ ನಾನು.